ಡಯಟೀಷಿಯನ್ ಆಗಲು ಯಾವ ಓದು? ಸೀಟು ಆರಿಸುವ ಮುಂಚೆ ಒಂದು ಹೋಲಿಕೆ

ಪಿಯುಸಿ ಫಲಿತಾಂಶ ಬಂದ ವಾರವೇ ಕಾಲೇಜುಗಳ ಬ್ರೋಷರ್‌ಗಳು ಬರಲು ಶುರುವಾಗುತ್ತವೆ. ಒಂದರಲ್ಲಿ ‘ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್’ ಎಂದಿರುತ್ತದೆ. ಇನ್ನೊಂದರಲ್ಲಿ ‘ಫುಡ್ ಸೈನ್ಸ್ ಅಂಡ್ ನ್ಯೂಟ್ರಿಷನ್’. ಮತ್ತೆ ‘ಹೋಮ್ ಸೈನ್ಸ್’, ‘ಕಮ್ಯುನಿಟಿ ಸೈನ್ಸ್’, ‘ಕ್ಲಿನಿಕಲ್ ನ್ಯೂಟ್ರಿಷನ್’, ‘ಫುಡ್ ಟೆಕ್ನಾಲಜಿ’. ಓದುವವರಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಎಲ್ಲದರ ಕೊನೆಯಲ್ಲೂ ‘ಡಯಟೀಷಿಯನ್ ಆಗಬಹುದು’ ಎಂಬ ಸಾಲು ಇದ್ದೇ ಇರುತ್ತದೆ. ಆ ಸಾಲು ಕೆಲವು ಕೋರ್ಸ್‌ಗಳಿಗೆ ಪೂರ್ತಿ ನಿಜ. ಕೆಲವಕ್ಕೆ ಅರ್ಧ ನಿಜ. ಕೆಲವಕ್ಕೆ ನಿಜವೇ ಅಲ್ಲ.

ನಾನು ಆಸ್ಪತ್ರೆಯಲ್ಲಿ ಡಯಟೀಷಿಯನ್. ಪ್ರತಿ ವರ್ಷ ನಮ್ಮಲ್ಲಿಗೆ ಬೇರೆ ಬೇರೆ ಕಾಲೇಜುಗಳಿಂದ ಇಂಟರ್ನ್‌ಗಳು ಬರುತ್ತಾರೆ. ಅವರ ಜೊತೆ ಕೆಲಸ ಮಾಡಿ ನನಗೆ ಗಟ್ಟಿಯಾಗಿ ಅನಿಸಿದ್ದು ಇಷ್ಟು. ಆಸ್ಪತ್ರೆಯ ಕೆಲಸವೇ ನಿಮ್ಮ ಗುರಿಯಾಗಿದ್ದರೆ, ಕಾಲೇಜಿನ ಹೆಸರಿಗಿಂತ ಮೊದಲು ಎರಡು ಪ್ರಶ್ನೆ ಕೇಳಬೇಕು. ಈ ಕೋರ್ಸ್ ನಿಮ್ಮನ್ನು ವಾರ್ಡ್‌ನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತದೆ? ನಾಳೆ ಈ ಡಿಗ್ರಿ ಹಿಡಿದುಕೊಂಡು ಕಾನೂನಿನ ಪ್ರಕಾರ ನೋಂದಣಿ ಮಾಡಿಸಿಕೊಳ್ಳಲು ಆಗುತ್ತದಾ? ಕಟ್ಟಡ, ಹಾಸ್ಟೆಲ್, ಕ್ಯಾಂಪಸ್ ಎಲ್ಲ ಆಮೇಲಿನ ಮಾತು.

ಮೊದಲು ಕೆಲಸ ಏನು ಅಂತ ನೋಡೋಣ

ಡಯಟೀಷಿಯನ್ ಅಂದರೆ ತೂಕ ಇಳಿಸಲು ಚಾರ್ಟ್ ಬರೆದುಕೊಡುವವರು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಈ ಕೆಲಸದ ಸಣ್ಣ ತುಂಡು, ಅಷ್ಟೇ.

ಕಿಡ್ನಿ ರೋಗಿಯನ್ನೇ ತೆಗೆದುಕೊಳ್ಳಿ. ಡಯಾಲಿಸಿಸ್ ಶುರುವಾಗುವ ಮುಂಚೆ ಅವರಿಗೆ ಪ್ರೋಟೀನ್ ಹಿಡಿತದಲ್ಲಿ ಕೊಡಬೇಕು. ಬೇಳೆ, ಮೊಟ್ಟೆ, ಮಾಂಸ ಎಲ್ಲಕ್ಕೂ ಲೆಕ್ಕ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ. ಆಗ ಒಂದು ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, ಅಂದರೆ ಮೊದಲಿಗಿಂತ ಜಾಸ್ತಿ. ಎರಡು ವರ್ಷದಿಂದ ‘ಮೊಟ್ಟೆ ಮುಟ್ಟಬೇಡಿ’ ಅಂತ ಕೇಳಿಸಿಕೊಂಡವರಿಗೆ ಒಂದು ದಿನ ಇದ್ದಕ್ಕಿದ್ದಂತೆ ‘ಮೊಟ್ಟೆ ತಿನ್ನಿ’ ಅಂದರೆ ಅವರು ನಂಬುವುದಿಲ್ಲ. ಮನೆಯವರು ಇನ್ನೂ ನಂಬುವುದಿಲ್ಲ. ಅವರನ್ನು ಕೂರಿಸಿಕೊಂಡು, ಏನಾಗಿದೆ, ಯಾಕೆ ಬದಲಾಯಿತು ಅಂತ ಅವರ ಮಾತಿನಲ್ಲೇ ಹೇಳಬೇಕು. ಎಳನೀರು ಒಳ್ಳೆಯದು ಅಂತ ನೋಡಲು ಬಂದವರೆಲ್ಲ ತಂದುಕೊಡುತ್ತಾರೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿರುವ ರೋಗಿಗೆ ಅದೇ ಎಳನೀರು ಹೃದಯದ ಬಡಿತ ತಪ್ಪಿಸಬಹುದು. ಅದನ್ನು ಬೇಡ ಎಂದು ಹೇಳುವ ಮುಂಚೆ ಲ್ಯಾಬ್ ರಿಪೋರ್ಟ್ ಓದಲು ಬರಬೇಕು.

ಐಸಿಯುನಲ್ಲಿ ಮೂಗಿನ ನಳಿಕೆಯ ಮೂಲಕ ಆಹಾರ ಹೋಗುವ ರೋಗಿಗೆ ಎಷ್ಟು ಮಿಲಿ, ಎಷ್ಟು ಗಂಟೆಗೊಮ್ಮೆ, ಹೊಟ್ಟೆ ಉಬ್ಬಿದರೆ ಏನು ಬದಲಾಯಿಸಬೇಕು ಎಂದು ಡಾಕ್ಟರ್ ಜೊತೆ ಕೂತು ತೀರ್ಮಾನಿಸಬೇಕು. ಜಿಲ್ಲಾ ಆಸ್ಪತ್ರೆಗಳ ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇರುವ, ಅಂದರೆ ತೀವ್ರ ಅಪೌಷ್ಟಿಕತೆಯ ಮಕ್ಕಳು ಬರುತ್ತಾರೆ. ಹಸಿದ ಮಗು ಅಂತ ಒಂದೇ ಸಲ ಹೊಟ್ಟೆ ತುಂಬಾ ತಿನ್ನಿಸಿದರೆ ಜೀವಕ್ಕೇ ಅಪಾಯ. ಮೊದಲು ಎಫ್-75 ಹಾಲು, 100 ಮಿಲಿಗೆ 75 ಕ್ಯಾಲೊರಿ. ಅದನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಮಗು ಸುಧಾರಿಸಿದ ಮೇಲೆ ಎಫ್-100, ಅಂದರೆ 100 ಮಿಲಿಗೆ 100 ಕ್ಯಾಲೊರಿ. ಈ ಬದಲಾವಣೆ ಯಾವಾಗ ಎಂಬುದು ಪುಸ್ತಕ ಓದಿದ ಮಾತ್ರಕ್ಕೆ ಕೈಗೆ ಬರುವುದಿಲ್ಲ.

ಹಾಗೆಯೇ ಅಡುಗೆಮನೆ. ಆಸ್ಪತ್ರೆಯ ಕಿಚನ್‌ನಲ್ಲಿ ಉಪ್ಪಿಲ್ಲದ ಊಟ, ಸಕ್ಕರೆ ಕಾಯಿಲೆಯ ಊಟ, ಮೆದು ಊಟ ಎಲ್ಲ ಬೇರೆ ಬೇರೆ ಟ್ರೇಗಳಲ್ಲಿ ಹೋಗಬೇಕು. ಯಾವ ಟ್ರೇ ಯಾವ ಹಾಸಿಗೆಗೆ ಎಂಬುದು ತಪ್ಪಬಾರದು. ಅಡುಗೆಯವರ ಜೊತೆ ಹೊಂದಿಕೊಂಡು ಕೆಲಸ ಮಾಡಿಸಲು ಬರಬೇಕು. ಇದಿಷ್ಟನ್ನೂ ಓದಿದಾಗ ಮನಸ್ಸು ಇತ್ತ ಎಳೆಯಿತು ಅಂದರೆ ಈ ದಾರಿ ನಿಮ್ಮದು. ಆಹಾರದ ರಸಾಯನ, ಪ್ಯಾಕಿಂಗ್, ಹೊಸ ತಿನಿಸು ತಯಾರಿಸುವುದು ಇಷ್ಟ ಅನಿಸಿದರೆ ನಿಮ್ಮ ದಾರಿ ಬೇರೆ. ಅದನ್ನೂ ಮುಂದೆ ಹೇಳುತ್ತೇನೆ.

ಕಾನೂನು ಬದಲಾಗಿದೆ, ಇದನ್ನು ಬಿಡಬೇಡಿ

ತುಂಬಾ ವರ್ಷ ನಮ್ಮ ದೇಶದಲ್ಲಿ ಯಾರು ಬೇಕಾದರೂ ಡಯಟೀಷಿಯನ್ ಎಂದು ಬೋರ್ಡ್ ಹಾಕಿಕೊಳ್ಳಬಹುದಿತ್ತು. 2021ರಲ್ಲಿ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಈ ಕಾಯ್ದೆಯ ಪಟ್ಟಿಯಲ್ಲಿ ಡಯಟೀಷಿಯನ್, ನ್ಯೂಟ್ರಿಷನಿಸ್ಟ್ ಇಬ್ಬರೂ ಇದ್ದಾರೆ. ರಾಜ್ಯಕ್ಕೊಂದು ಪರಿಷತ್ತು, ಅದರಲ್ಲಿ ನೋಂದಣಿ ಎಂಬ ವ್ಯವಸ್ಥೆಯನ್ನು ಕಾಯ್ದೆ ತಂದಿದೆ. ಹೆಲ್ತ್‌ಕೇರ್ ವೃತ್ತಿಪರ ಅನಿಸಿಕೊಳ್ಳಲು ಬೇಕಾದ ಪದವಿ ಕನಿಷ್ಠ 3,600 ಗಂಟೆಗಳದ್ದಾಗಿರಬೇಕು, ಮೂರರಿಂದ ಆರು ವರ್ಷದಲ್ಲಿ ಹರಡಿರಬೇಕು ಎನ್ನುತ್ತದೆ ಆ ಕಾಯ್ದೆ.

2025ರಲ್ಲಿ ಇನ್ನೆರಡು ಬೆಳವಣಿಗೆ ಆದವು. ಆಯೋಗ ಹತ್ತು ವೃತ್ತಿಗಳಿಗೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ಹೊರಡಿಸಿತು. ಅದರಲ್ಲಿ ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್ ಕೂಡ ಒಂದು. ಅದೇ ವರ್ಷ ಯುಜಿಸಿ, ಈ ಕಾಯ್ದೆಯಡಿ ಬರುವ ವಿಷಯಗಳನ್ನು ದೂರಶಿಕ್ಷಣದಲ್ಲೋ ಆನ್‌ಲೈನ್‌ನಲ್ಲೋ ಕಲಿಸುವಂತಿಲ್ಲ ಎಂದು ಜುಲೈ-ಆಗಸ್ಟ್ 2025ರ ಪ್ರವೇಶದಿಂದ ತಡೆ ಹಾಕಿತು. ಆಹಾರ ಮತ್ತು ಪೋಷಣೆ, ಕ್ಲಿನಿಕಲ್ ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್ ಎರಡೂ ಆ ಪಟ್ಟಿಯಲ್ಲಿವೆ. ದೂರಶಿಕ್ಷಣ ಕೊಡುವ ಇಗ್ನೋ ವಿಶ್ವವಿದ್ಯಾಲಯದ ಡಯಟೆಟಿಕ್ಸ್ ಎಂ.ಎಸ್ಸಿ. ಮಾಡಿ ಕೆಲಸಕ್ಕೆ ಸೇರಿದ ಒಳ್ಳೆಯ ಡಯಟೀಷಿಯನ್‌ಗಳನ್ನು ನಾನು ನೋಡಿದ್ದೇನೆ. ಆದರೆ ಈಗ ಸೇರುವವರು ‘ಆನ್‌ಲೈನ್ ಡಿಗ್ರಿ, ಮನೆಯಲ್ಲೇ ಓದಿ’ ಎಂಬ ಜಾಹೀರಾತು ನೋಡಿದರೆ ಮೊದಲು ಈ ಆದೇಶ ನೆನಪಿಸಿಕೊಳ್ಳಿ.

ಇದರ ಜೊತೆ ಹಳೆಯದೊಂದು ಮಾನ್ಯತೆ ಇದೆ. ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ 1963ರಲ್ಲಿ ಶುರುವಾದ ವೃತ್ತಿ ಸಂಘ. ಸ್ನಾತಕೋತ್ತರ ಮಟ್ಟದ ಓದು, ಆಸ್ಪತ್ರೆ ಇಂಟರ್ನ್‌ಶಿಪ್ ಮುಗಿಸಿದವರಿಗೆ ಅದು ಪರೀಕ್ಷೆ ನಡೆಸಿ ರಿಜಿಸ್ಟರ್ಡ್ ಡಯಟೀಷಿಯನ್, ಅಂದರೆ ಆರ್‌ಡಿ ಎಂಬ ಮಾನ್ಯತೆ ಕೊಡುತ್ತದೆ. ಇದು ಸರ್ಕಾರಿ ನೋಂದಣಿ ಅಲ್ಲ. ಆದರೂ ದೊಡ್ಡ ಆಸ್ಪತ್ರೆಗಳು ಬಯೋಡೇಟಾದಲ್ಲಿ ಆರ್‌ಡಿ ಇದೆಯಾ ಅಂತ ನೋಡುತ್ತವೆ. ನನ್ನ ಸಲಹೆ, ಎರಡನ್ನೂ ಗುರಿಯಲ್ಲಿಟ್ಟುಕೊಳ್ಳಿ. ಒಂದು ಇದ್ದರೆ ಇನ್ನೊಂದು ಬೇಡ ಅಂದುಕೊಳ್ಳಬೇಡಿ.

ಡಯಟೆಟಿಕ್ಸ್ ಡಿಗ್ರಿಯೋ, ಸಾಮಾನ್ಯ ಬಿ.ಎಸ್ಸಿ.ಯೋ

ಕರ್ನಾಟಕದಲ್ಲಿ ಹೆಚ್ಚಿನವರ ಮುಂದೆ ಇರುವ ಮೊದಲ ಆಯ್ಕೆ ಇದು.

ಒಂದು ಕಡೆ ಆಸ್ಪತ್ರೆ, ಮೆಡಿಕಲ್ ಕಾಲೇಜು ಜೊತೆಗಿರುವ ವಿಶ್ವವಿದ್ಯಾಲಯಗಳು. ಮೈಸೂರಿನ ಜೆಎಸ್‌ಎಸ್, ಮಣಿಪಾಲ ಇಂಥವು. ಇಲ್ಲಿ ಡಯಟೆಟಿಕ್ಸ್ ಓದುವವರು ಫಿಸಿಯೋಥೆರಪಿ, ನರ್ಸಿಂಗ್ ಓದುವವರ ನಡುವೆಯೇ ಬೆಳೆಯುತ್ತಾರೆ. ಕೇಸ್ ಶೀಟ್ ಓದುವುದು, ರೌಂಡ್ಸ್‌ನಲ್ಲಿ ನಿಲ್ಲುವುದು ಬೇಗ ಅಭ್ಯಾಸವಾಗುತ್ತದೆ. ಫೀಸು ಜಾಸ್ತಿ. ಅದನ್ನು ಮುಚ್ಚಿಡುವುದು ಬೇಡ. ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲೂ ಜೀವಶಾಸ್ತ್ರ ಓದಿರಬೇಕು.

ಇನ್ನೊಂದು ಕಡೆ ಡಿಗ್ರಿ ಕಾಲೇಜುಗಳು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಈ ವಿಷಯಕ್ಕೆ ಹಳೆಯ ಹೆಸರಿದೆ. ಶೇಷಾದ್ರಿ ರಸ್ತೆಯ ಶ್ರೀಮತಿ ವಿ.ಎಚ್.ಡಿ. ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಹೋಮ್ ಸೈನ್ಸ್ ಸರ್ಕಾರಿ ಸಂಸ್ಥೆ. ಅಲ್ಲಿ ಓದಿದ ಹೆಣ್ಣುಮಕ್ಕಳು ಇವತ್ತು ರಾಜ್ಯದ ಎಷ್ಟೋ ಆಸ್ಪತ್ರೆ, ಇಲಾಖೆ, ಕಾಲೇಜುಗಳಲ್ಲಿದ್ದಾರೆ. ಸರ್ಕಾರಿ ಕಾಲೇಜಿನ ಫೀಸಿನಲ್ಲಿ ಇಂಥ ಓದು ಸಿಗುತ್ತದೆ ಅಂದರೆ ಅದು ಸಣ್ಣ ಸಂಗತಿಯಲ್ಲ. ಮನೆಯಲ್ಲಿ ಹಣದ ಕಷ್ಟ ಇರುವವರು ಇದನ್ನು ಎರಡನೇ ದರ್ಜೆಯ ಆಯ್ಕೆ ಅಂತ ನೋಡಬೇಕಾಗಿಲ್ಲ.

ಆದರೆ ವ್ಯತ್ಯಾಸ ಎಲ್ಲಿದೆ ಅಂತ ತಿಳಿದಿರಬೇಕು. ಡಿಗ್ರಿ ಕಾಲೇಜಿನಿಂದ ಬರುವ ಇಂಟರ್ನ್‌ಗಳಿಗೆ ಆಹಾರದ ಜ್ಞಾನ ಚೆನ್ನಾಗಿರುತ್ತದೆ. ಅಡುಗೆ ಲ್ಯಾಬ್‌ನಲ್ಲಿ ಕೈ ಪಳಗಿರುತ್ತದೆ. ಯಾವ ಕಾಳಿನಲ್ಲಿ ಏನಿದೆ, ನೆನೆಸಿದರೆ ಏನಾಗುತ್ತದೆ, ಮೊಳಕೆ ಕಟ್ಟಿದರೆ ಏನು ಲಾಭ ಎಲ್ಲ ಬಾಯಲ್ಲೇ ಇರುತ್ತದೆ. ತಡವರಿಸುವುದು ರೋಗಿಯ ಮುಂದೆ. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದ್ದರೆ ಚಿಂತೆ, ಸೋಡಿಯಂ ಇಳಿದರೆ ಏನು ಅರ್ಥ ಎಂಬಲ್ಲಿ ನಿಲ್ಲುತ್ತಾರೆ. ಇಂಟರ್ನ್‌ಶಿಪ್‌ನಲ್ಲಿ ಅದು ತುಂಬಿಕೊಳ್ಳುತ್ತದೆ, ಆದರೆ ಅದಕ್ಕೆ ಒಳ್ಳೆಯ ಇಂಟರ್ನ್‌ಶಿಪ್ ಸಿಗಬೇಕು. ಆಸ್ಪತ್ರೆ ಜೊತೆಗಿರುವ ಕಾಲೇಜಿನವರಲ್ಲಿ ಇದರ ಉಲ್ಟಾ ನೋಡಿದ್ದೇನೆ. ಲ್ಯಾಬ್ ರಿಪೋರ್ಟ್ ಸರಾಗವಾಗಿ ಓದುತ್ತಾರೆ. ಆದರೆ ‘ಒಂದು ಮುದ್ದೆಗೆ ಎಷ್ಟು ಹಿಟ್ಟು?’ ಅಂದರೆ ಸುಮ್ಮನಾಗುತ್ತಾರೆ. ರೋಗಿ ಬದುಕುವುದು ಮುದ್ದೆಯಲ್ಲಿ, ಅನ್ನದಲ್ಲಿ, ರೊಟ್ಟಿಯಲ್ಲಿ. ಗ್ರಾಂ ಲೆಕ್ಕದಲ್ಲಿ ಅಲ್ಲ. ಹಾಗಾಗಿ ಎರಡೂ ಬೇಕು.

ಇನ್ನೊಂದು ವಿಷಯ ವರ್ಷಗಳ ಲೆಕ್ಕ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ಬಂದಿತ್ತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದಾರೆ. ಖಾಸಗಿ, ಡೀಮ್ಡ್ ವಿಶ್ವವಿದ್ಯಾಲಯಗಳು ಹಲವು ಕಡೆ ನಾಲ್ಕು ವರ್ಷವನ್ನೇ ಇಟ್ಟುಕೊಂಡಿವೆ. ಇಲ್ಲೇ ಎಂ.ಎಸ್ಸಿ. ಮಾಡುವುದಾದರೆ ಮೂರು ವರ್ಷದ್ದು ಸಾಕಾಗುತ್ತದೆ. ವಿದೇಶದ ಯೋಚನೆ ಇದ್ದರೆ ನಾಲ್ಕನೇ ವರ್ಷ ಕೆಲವು ಕಡೆ ನೆರವಾಗುತ್ತದೆ. ಕಾಯ್ದೆಯ ಗಂಟೆಗಳ ಲೆಕ್ಕ, ಆಯೋಗದ ಪಠ್ಯಕ್ರಮ ಎರಡಕ್ಕೂ ನಿಮ್ಮ ಕೋರ್ಸ್ ಹೊಂದುತ್ತದಾ ಎಂದು ಕಾಲೇಜಿನಿಂದ ಬರಹದಲ್ಲಿ ಉತ್ತರ ಪಡೆಯಿರಿ. ‘ಹೌದು ಮೇಡಂ, ಎಲ್ಲ ಆಗುತ್ತೆ’ ಎಂಬ ಫೋನ್ ಮಾತು ಸಾಲದು.

ಧಾರವಾಡದ ದಾರಿ

ಕೃಷಿ ವಿಶ್ವವಿದ್ಯಾಲಯದಲ್ಲಿ ಕೂಡ ಪೋಷಣೆ ಓದಬಹುದು ಎಂಬುದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಹಿಂದೆ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಅಂತ ಇದ್ದದ್ದು ಈಗ ಕಮ್ಯುನಿಟಿ ಸೈನ್ಸ್ ಕಾಲೇಜು. ನಾಲ್ಕು ವರ್ಷದ ಆನರ್ಸ್ ಪದವಿ. ಸೀಟು ಕೆ-ಸಿಇಟಿ ಮೂಲಕ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಅದಕ್ಕೆ ದಾಖಲೆ ಬೇಕು, ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ದಾಖಲೆಗಳನ್ನು ಕೊನೆ ವಾರಕ್ಕೆ ಇಟ್ಟುಕೊಳ್ಳದೆ ಮುಂಚೆಯೇ ಸಿದ್ಧ ಮಾಡಿಕೊಳ್ಳಿ.

ಇಲ್ಲಿ ಪೋಷಣೆ ಒಂದೇ ಅಲ್ಲ. ಮಕ್ಕಳ ಬೆಳವಣಿಗೆ, ಬಟ್ಟೆ, ಮನೆ ನಿರ್ವಹಣೆ, ವಿಸ್ತರಣಾ ಶಿಕ್ಷಣ ಎಲ್ಲ ಓದಬೇಕು. ಕೊನೆಯ ವರ್ಷ ಹಳ್ಳಿಯಲ್ಲಿದ್ದು ಮಾಡುವ ಕೆಲಸ ಇರುತ್ತದೆ. ಆಸ್ಪತ್ರೆಗೇ ಹೋಗಬೇಕು ಎಂದು ತೀರ್ಮಾನ ಮಾಡಿದವರಿಗೆ ಇದು ಸುತ್ತು ದಾರಿ. ಎಂ.ಎಸ್ಸಿ.ಯಲ್ಲಿ ಆಹಾರ ಮತ್ತು ಪೋಷಣೆ ತೆಗೆದುಕೊಂಡು, ಆಮೇಲೆ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕಾಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್‌ನಲ್ಲೂ ಈ ವಿಷಯದ ಸ್ನಾತಕೋತ್ತರ ವಿಭಾಗವಿದೆ.

ಆದರೆ ಅಂಗನವಾಡಿ, ತಾಯಿ-ಮಕ್ಕಳ ಪೋಷಣೆ, ಸಿರಿಧಾನ್ಯ, ಹಳ್ಳಿಯ ಹೆಂಗಸರ ರಕ್ತಹೀನತೆ, ಇವು ನಿಮ್ಮ ಮನಸ್ಸಿಗೆ ಹತ್ತಿರ ಅಂದರೆ ನಾನು ಧಾರವಾಡವನ್ನೇ ಮುಂದಿಡುತ್ತೇನೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, 33 ಕಡೆ. ಅದರಲ್ಲಿ ನಮ್ಮ ಟಿ. ನರಸೀಪುರ ಒಂದು. ಅರ್ಧ ಶತಮಾನ ಕಳೆದರೂ ಆ ಕೆಲಸ ಮುಗಿದಿಲ್ಲ. ಒಂದು ಮಗು ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ ಬಂದು ಮಲಗಿತು ಅಂದರೆ ಅದಕ್ಕೂ ಮುಂಚೆ ಹಳ್ಳಿಯಲ್ಲಿ ಯಾರೋ ಅದನ್ನು ಗುರುತಿಸಬೇಕಿತ್ತು. ಆ ‘ಯಾರೋ’ ಆಗುವ ಓದು ಇದು. ಆಸ್ಪತ್ರೆಯಲ್ಲಿ ಕೂತ ನಾವು ಒಬ್ಬೊಬ್ಬರನ್ನೇ ನೋಡುತ್ತೇವೆ. ಅವರು ಒಂದು ತಾಲ್ಲೂಕನ್ನೇ ನೋಡುತ್ತಾರೆ.

ಸರ್ಕಾರಿ ಹುದ್ದೆಯ ಆಸೆ ಇರುವವರು ಒಂದು ಕೆಲಸ ಮಾಡಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಆರೋಗ್ಯ ಇಲಾಖೆ ಹಿಂದೆ ಹೊರಡಿಸಿದ ನೇಮಕಾತಿ ಅಧಿಸೂಚನೆಗಳನ್ನು ತೆಗೆದು ನೋಡಿ. ಅರ್ಹತೆಯ ಕಾಲಂನಲ್ಲಿ ಯಾವ ಡಿಗ್ರಿಯ ಹೆಸರು ಬರೆದಿದ್ದಾರೆ ಅಂತ ಗಮನಿಸಿ. ನಿಮ್ಮ ಡಿಗ್ರಿ ಎಷ್ಟೇ ಒಳ್ಳೆಯದಿದ್ದರೂ ಹೆಸರು ಹೊಂದದಿದ್ದರೆ ಅರ್ಜಿ ಹಂತದಲ್ಲೇ ತೊಂದರೆ.

ಫುಡ್ ಟೆಕ್ನಾಲಜಿ ಬೇರೆ ಊರು

ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಇದೆ. ಅದರ ಎರಡು ವರ್ಷದ ಫುಡ್ ಟೆಕ್ನಾಲಜಿ ಎಂ.ಎಸ್ಸಿ. ದೇಶದಲ್ಲೇ ಹೆಸರಾದದ್ದು. ಆದರೆ ಅದು ಡಯಟೀಷಿಯನ್ ಆಗುವ ಓದಲ್ಲ. ಆಹಾರ ಕೆಡದಂತೆ ಇಡುವುದು, ಸಂಸ್ಕರಣೆ, ಗುಣಮಟ್ಟ ಪರೀಕ್ಷೆ ಅಲ್ಲಿನ ಕೆಲಸ. ಕೆಲಸ ಸಿಗುವುದು ಕಂಪನಿಗಳಲ್ಲಿ, ಪ್ರಯೋಗಾಲಯಗಳಲ್ಲಿ. ಫುಡ್ ಸೇಫ್ಟಿ ಆಫೀಸರ್ ಹುದ್ದೆಗೆ 2011ರ ನಿಯಮಗಳಲ್ಲಿರುವ ಅರ್ಹತೆಯ ಪಟ್ಟಿ ಫುಡ್ ಟೆಕ್ನಾಲಜಿಯಿಂದಲೇ ಶುರುವಾಗುತ್ತದೆ. ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಕೃಷಿ ವಿಜ್ಞಾನ ಕೂಡ ಅಲ್ಲಿವೆ. ಡಯಟೆಟಿಕ್ಸ್ ಹೆಸರು ಆ ಪಟ್ಟಿಯಲ್ಲಿಲ್ಲ. ಆ ಹುದ್ದೆಯ ಮೇಲೆ ಕಣ್ಣಿಟ್ಟು ಡಯಟೆಟಿಕ್ಸ್ ಸೇರುವವರು ಇದನ್ನು ಮೊದಲೇ ತಿಳಿದಿರಲಿ.

ಡಿಗ್ರಿ ಆದ ಮೇಲೆ: ಎಂ.ಎಸ್ಸಿ.ಯೋ, ಪಿಜಿ ಡಿಪ್ಲೊಮಾವೋ

ಬರೀ ಬಿ.ಎಸ್ಸಿ. ಮೇಲೆ ಆಸ್ಪತ್ರೆಯಲ್ಲಿ ಕೆಲಸ ಸಿಗುವುದೇ ಇಲ್ಲ ಅಂತಲ್ಲ. ಸಣ್ಣ ಆಸ್ಪತ್ರೆಗಳಲ್ಲಿ, ಕ್ಲಿನಿಕ್‌ಗಳಲ್ಲಿ ಸಿಗುತ್ತದೆ. ಆದರೆ ಮೇಲೇರುವಾಗ ಎಂ.ಎಸ್ಸಿ. ಕೇಳುತ್ತಾರೆ. ಕಾಲೇಜಿನಲ್ಲಿ ಪಾಠ ಮಾಡಬೇಕು, ಸಂಶೋಧನೆಗೆ ಹೋಗಬೇಕು ಅಂದರೆ ಎಂ.ಎಸ್ಸಿ. ಇಲ್ಲದೆ ಆಗುವುದಿಲ್ಲ.

ಪಿಜಿ ಡಿಪ್ಲೊಮಾ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಒಳ್ಳೆಯ ಆಸ್ಪತ್ರೆಯೇ ನಡೆಸುವ ಡಿಪ್ಲೊಮಾ ಆದರೆ ಕೆಲಸ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತಲೇ ಹೇಳುತ್ತೇನೆ. ಬೆಳಗ್ಗೆಯಿಂದ ಸಂಜೆವರೆಗೂ ವಾರ್ಡ್‌ನಲ್ಲೇ ಇರುತ್ತೀರಿ. ಆದರೆ ಮುಂದೆ ಪಿಎಚ್‌ಡಿ, ವಿದೇಶ, ಲೆಕ್ಚರರ್ ಹುದ್ದೆ ಎಲ್ಲಕ್ಕೂ ಡಿಪ್ಲೊಮಾ ಅಡ್ಡ ಬರುತ್ತದೆ. 21ನೇ ವಯಸ್ಸಿನಲ್ಲಿ ಇರುವವರಿಗೆ ನಾನು ಎಂ.ಎಸ್ಸಿ. ಎನ್ನುತ್ತೇನೆ. ಮನೆಯ ಜವಾಬ್ದಾರಿ ಹೊತ್ತು, ಬೇಗ ದುಡಿಯಲೇಬೇಕು ಎನ್ನುವವರಿಗೆ ಆಸ್ಪತ್ರೆಯ ಡಿಪ್ಲೊಮಾ. ಆಸ್ಪತ್ರೆಯೇ ಇಲ್ಲದ ಸಂಸ್ಥೆಯ ಡಿಪ್ಲೊಮಾ ಯಾರಿಗೂ ಬೇಡ.

ಎಂ.ಎಸ್ಸಿ.ಗೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಫುಡ್ ಸೈನ್ಸ್ ಅಂಡ್ ನ್ಯೂಟ್ರಿಷನ್ ವಿಭಾಗವಿದೆ. ಸಂಶೋಧನೆಯ ಕಡೆ ಒಲವಿರುವವರಿಗೆ ಅದು ಗಟ್ಟಿ ಜಾಗ. ಸಿಎಫ್‌ಟಿಆರ್‌ಐ ಪಕ್ಕದಲ್ಲೇ ಇರುವುದೂ ಒಂದು ಲಾಭ. ಸ್ವಲ್ಪ ದೂರ ಹೋಗಲು ಸಿದ್ಧ ಅಂದರೆ ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಎಲ್ಲರೂ ಎನ್‌ಐಎನ್ ಎನ್ನುತ್ತಾರೆ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ಕಾಯಿಲೆಯ ಬಗ್ಗೆ ಒಂದು ಸಣ್ಣ ವಿಚಾರಣೆಯಾಗಿ ರಾಬರ್ಟ್ ಮೆಕ್‌ಕ್ಯಾರಿಸನ್ ಶುರು ಮಾಡಿದ ಕೆಲಸ, 1958ರಲ್ಲಿ ಹೈದರಾಬಾದ್‌ಗೆ ಬಂತು. ಭಾರತೀಯರಿಗೆ ದಿನಕ್ಕೆ ಏನು ಎಷ್ಟು ಬೇಕು ಎಂಬ ಪಟ್ಟಿ ಹೊರಡಿಸುವುದು ಐಸಿಎಂಆರ್-ಎನ್‌ಐಎನ್. 528 ಆಹಾರಗಳ ಪೋಷಕಾಂಶ ಅಳೆದು 2017ರಲ್ಲಿ ಪುಸ್ತಕವಾಗಿ ಪ್ರಕಟಿಸಿದವರೂ ಅವರೇ. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ನಾವು ರೋಗಿಗೆ ಧೈರ್ಯವಾಗಿ ಹೇಳುವುದು ಆ ಪುಸ್ತಕ ನೋಡಿಯೇ. ಅಲ್ಲಿ ಅಪ್ಲೈಡ್ ನ್ಯೂಟ್ರಿಷನ್, ಸ್ಪೋರ್ಟ್ಸ್ ನ್ಯೂಟ್ರಿಷನ್ ಎರಡರಲ್ಲೂ ಎಂ.ಎಸ್ಸಿ. ಇದೆ. ಪ್ರವೇಶ ಪರೀಕ್ಷೆ ಇರುತ್ತದೆ. ಸೀಟು ಕಡಿಮೆ. ಸಾರ್ವಜನಿಕ ಆರೋಗ್ಯದ ಕಡೆ ಹೋಗುವವರಿಗೆ ನನ್ನ ಮೊದಲ ಆಯ್ಕೆ ಅದೇ. ಐಸಿಯು ಡಯಟೀಷಿಯನ್ ಆಗಬೇಕು ಎನ್ನುವವರಿಗೆ ಅದಕ್ಕಿಂತ ಆಸ್ಪತ್ರೆ ಜೊತೆಗಿನ ಎಂ.ಎಸ್ಸಿ. ಮೇಲು.

ವಾರಗಳಲ್ಲಿ ಮುಗಿಯುವ ಸರ್ಟಿಫಿಕೇಟ್ ಕೋರ್ಸ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಿಗ್ರಿ ಇದ್ದವರು ಒಂದು ವಿಷಯ ಆಳವಾಗಿ ಕಲಿಯಲು, ಉದಾಹರಣೆಗೆ ಟೈಪ್ 1 ಡಯಾಬಿಟಿಸ್ ಮಕ್ಕಳ ಕಾರ್ಬೊಹೈಡ್ರೇಟ್ ಲೆಕ್ಕ, ಮಾಡಿದರೆ ಉಪಯೋಗ. ಡಿಗ್ರಿಗೆ ಬದಲಾಗಿ ಮಾಡಿದರೆ ರೋಗಿಗೆ ಅಪಾಯ.

ವಿದೇಶದ ಆಸೆ ಇದ್ದರೆ

ಇಲ್ಲಿ ನಮ್ಮ ಮಕ್ಕಳು ಹಣ ಕಳೆದುಕೊಳ್ಳುವ ಒಂದು ಜಾಗ ಇದೆ. ಬ್ರಿಟನ್‌ನಲ್ಲಿ ಡಯಟೀಷಿಯನ್ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಅಲ್ಲಿನ ಆರೋಗ್ಯ ವೃತ್ತಿಗಳ ನೋಂದಣಿ ಸಂಸ್ಥೆಯಾದ ಎಚ್‌ಸಿಪಿಸಿಯಲ್ಲಿ ನೋಂದಣಿ ಇಲ್ಲದೆ ಆ ಹೆಸರು ಬಳಸುವಂತಿಲ್ಲ. ಒಂದು ವರ್ಷದ ‘ಹ್ಯೂಮನ್ ನ್ಯೂಟ್ರಿಷನ್’ ಎಂ.ಎಸ್ಸಿ. ಮಾಡಿದರೆ ಆ ನೋಂದಣಿ ಸಿಗುವುದಿಲ್ಲ. ಸಿಗುವುದು ‘ಪ್ರಿ-ರಿಜಿಸ್ಟ್ರೇಷನ್ ಡಯಟೆಟಿಕ್ಸ್’ ಎಂಬ, ಆಸ್ಪತ್ರೆ ಪ್ಲೇಸ್‌ಮೆಂಟ್ ಇರುವ ಕೋರ್ಸ್‌ನಿಂದ. ಅದು ಸಾಮಾನ್ಯವಾಗಿ ಎರಡು ವರ್ಷದ್ದು. ಏಜೆಂಟ್‌ಗಳು ಮೊದಲನೆಯದನ್ನೇ ತೋರಿಸುತ್ತಾರೆ, ಯಾಕಂದರೆ ಅದರಲ್ಲಿ ಸೀಟು ಸುಲಭ. ಇಲ್ಲಿಂದ ಡಯಟೆಟಿಕ್ಸ್ ಓದಿ, ಕೆಲಸ ಮಾಡಿ ಹೋಗುವವರು ವಿದೇಶಿ ಅರ್ಹತೆಯ ಅಡಿ ನೇರವಾಗಿ ಎಚ್‌ಸಿಪಿಸಿಗೆ ಅರ್ಜಿ ಹಾಕುವ ದಾರಿಯೂ ಇದೆ. ಆಗ ನಿಮ್ಮ ಪಠ್ಯಕ್ರಮ, ಆಸ್ಪತ್ರೆಯಲ್ಲಿ ಕಳೆದ ಗಂಟೆ ಎಲ್ಲ ಕಾಗದದಲ್ಲಿ ತೋರಿಸಬೇಕು.

ಅಮೆರಿಕದಲ್ಲಿ 2024ರ ಜನವರಿ 1ರಿಂದ ನೋಂದಣಿ ಪರೀಕ್ಷೆ ಬರೆಯಲು ಕನಿಷ್ಠ ಸ್ನಾತಕೋತ್ತರ ಪದವಿ ಬೇಕು. ಮೇಲ್ವಿಚಾರಣೆಯಲ್ಲಿ ಮಾಡಿದ ತರಬೇತಿಯೂ ಬೇಕು. ಆಸ್ಟ್ರೇಲಿಯಾದಲ್ಲಿ ಡಯಟೀಷಿಯನ್ಸ್ ಆಸ್ಟ್ರೇಲಿಯಾ ಎಂಬ ವೃತ್ತಿ ಸಂಘವೇ ಹೊರಗಿನಿಂದ ಬಂದವರ ಅರ್ಹತೆ ಪರಿಶೀಲಿಸುತ್ತದೆ. ಮೂರೂ ಕಡೆ ಕೇಳುವ ಮುಖ್ಯ ಪ್ರಶ್ನೆ ಒಂದೇ: ರೋಗಿಗಳ ಜೊತೆ ಎಷ್ಟು ಗಂಟೆ, ಯಾರ ಕಣ್ಗಾವಲಿನಲ್ಲಿ? ಅದಕ್ಕೇ ಇಂಟರ್ನ್‌ಶಿಪ್‌ನ ಮೊದಲ ದಿನದಿಂದ ಲಾಗ್‌ಬುಕ್ ಇಡಿ. ದಿನಾಂಕ, ವಾರ್ಡ್, ಗಂಟೆ, ಮೇಲ್ವಿಚಾರಕರ ಸಹಿ. ವರ್ಷಗಳಾದ ಮೇಲೆ ಆ ಸಹಿ ಹುಡುಕಿಕೊಂಡು ಬಂದವರನ್ನು ನೋಡಿದ್ದೇನೆ. ಸಹಿ ಹಾಕಬೇಕಾದವರು ಅಷ್ಟರಲ್ಲಿ ನಿವೃತ್ತರಾಗಿರುತ್ತಾರೆ.

ಸಂಬಳ, ಫೀಸು, ಸಾಲ

ಶುರುವಿನ ಸಂಬಳ ಕಡಿಮೆ. ಇದನ್ನು ಯಾವ ಬ್ರೋಷರ್ ಕೂಡ ಹೇಳುವುದಿಲ್ಲ. ಆಸ್ಪತ್ರೆಗಳ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಚ್ ಮಾನ್ಯತೆ ಬೇಕಾದ ಆಸ್ಪತ್ರೆಗಳು ರೋಗಿಗಳ ಪೋಷಣೆಯ ಮೌಲ್ಯಮಾಪನ ಮಾಡಿ ದಾಖಲಿಸಬೇಕು. ಹಾಗಾಗಿ ಕೆಲಸ ಇದೆ. ಆದರೆ ಮೊದಲ ಎರಡು-ಮೂರು ವರ್ಷದ ಸಂಬಳದಲ್ಲಿ ದೊಡ್ಡ ಸಾಲದ ಕಂತು ಕಟ್ಟಿ ಬೆಂಗಳೂರಿನಲ್ಲಿ ಬಾಡಿಗೆ ಕೊಡುವುದು ಕಷ್ಟ. ಜಿಲ್ಲಾ ಮಟ್ಟದ ಸರ್ಕಾರಿ ಕೆಲಸಗಳಲ್ಲಿ ಹಲವು ಗುತ್ತಿಗೆಯವು. ಅನುಭವ ಬಂದ ಮೇಲೆ, ಕಿಡ್ನಿ, ಕ್ಯಾನ್ಸರ್, ಮಕ್ಕಳು, ಐಸಿಯು ಹೀಗೆ ಒಂದು ವಿಭಾಗದಲ್ಲಿ ಕೈ ಪಳಗಿದ ಮೇಲೆ ಸ್ಥಿತಿ ಸುಧಾರಿಸುತ್ತದೆ.

ಆದ್ದರಿಂದ ಬಿ.ಎಸ್ಸಿ.ಗೆ ದೊಡ್ಡ ಸಾಲ ಮಾಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸರ್ಕಾರಿ ಅಥವಾ ಕಡಿಮೆ ಫೀಸಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿ, ಹಣವಿದ್ದರೆ ಅದನ್ನು ಆಸ್ಪತ್ರೆ ಜೊತೆಗಿನ ಎಂ.ಎಸ್ಸಿ.ಗೆ ಹಾಕಿ. ಮನೆಯಲ್ಲಿ ಅನುಕೂಲ ಇದೆ, ಸಾಲ ಬೇಕಾಗಿಲ್ಲ ಅಂದರೆ ಮೊದಲಿನಿಂದಲೇ ಆಸ್ಪತ್ರೆ ಇರುವ ವಿಶ್ವವಿದ್ಯಾಲಯ ಸೇರಿ. ಅದರಲ್ಲಿ ಎರಡು ಮಾತಿಲ್ಲ.

ಕಾಲೇಜಿಗೆ ಹೋದಾಗ

ರಜೆ ದಿನ ಹೋಗಬೇಡಿ, ಕ್ಲಾಸ್ ನಡೆಯುವ ದಿನ ಹೋಗಿ. ಆಫೀಸಿನಲ್ಲಿ ಕೂರದೆ ಕೊನೆ ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಮಾತಾಡಿಸಿ. ‘ಯಾವ ಆಸ್ಪತ್ರೆಗೆ ಕಳಿಸುತ್ತಾರಮ್ಮ? ಎಷ್ಟು ವಾರ? ಅಲ್ಲಿ ರೋಗಿಗಳ ಜೊತೆ ಮಾತಾಡಲು ಬಿಡುತ್ತಾರಾ, ಇಲ್ಲ ಸುಮ್ನೆ ಡಯಟ್ ಶೀಟ್ ಟೈಪ್ ಮಾಡಿಸುತ್ತಾರಾ?’ ಎಂದು ಕೇಳಿ. ಪಾಠ ಮಾಡುವವರಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು ಎಷ್ಟು ಜನ ಎಂದು ಕೇಳಿ. ಅಡುಗೆ ಲ್ಯಾಬ್ ನೋಡಿ. ಒಲೆಗಳು ನಿಜವಾಗಿ ಉರಿಯುತ್ತಿವೆಯಾ, ಇಲ್ಲ ತಪಾಸಣೆಗೆ ತೋರಿಸಲು ಮಾತ್ರ ಇಟ್ಟಿದ್ದಾರಾ ಎಂಬುದು ನೋಡಿದ ತಕ್ಷಣ ತಿಳಿಯುತ್ತದೆ.

ಹುಡುಗರ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಇದು ಹೆಣ್ಣುಮಕ್ಕಳ ಓದು ಎಂಬ ಭಾವನೆ ಬಿಡಿ. ಹೋಮ್ ಸೈನ್ಸ್‌ನ ಕೆಲವು ಹಳೆಯ ಕಾಲೇಜುಗಳು ಹೆಣ್ಣುಮಕ್ಕಳಿಗೆ ಮಾತ್ರ, ಅದು ನಿಜ. ಉಳಿದ ಕಡೆ ಹುಡುಗರಿಗೂ ಸೀಟಿದೆ. ಗಂಡಸರ ವಾರ್ಡ್‌ನಲ್ಲಿ ಕುಡಿತ, ತಂಬಾಕು, ಊಟದ ಬಗ್ಗೆ ಬಿಚ್ಚುಮನಸ್ಸಿನಿಂದ ಮಾತಾಡಲು ಗಂಡು ಡಯಟೀಷಿಯನ್‌ಗಳು ನಮಗೆ ಬೇಕಾಗಿದ್ದಾರೆ.

ಪಿಯುಸಿಯಲ್ಲಿ ಕಲೆ ಅಥವಾ ವಾಣಿಜ್ಯ ಓದಿದವರಿಗೂ ಕೆಲವು ಕಾಲೇಜುಗಳ ಹೋಮ್ ಸೈನ್ಸ್ ಕೋರ್ಸ್‌ಗಳಲ್ಲಿ ಅವಕಾಶ ಇರುತ್ತದೆ. ಆದರೆ ಬಯೋಕೆಮಿಸ್ಟ್ರಿ ಶುರುವಾದಾಗ ಕಷ್ಟ ಆಗುತ್ತದೆ. ಮುಂದೆ ನೋಂದಣಿಗೂ ಪಿಯುಸಿ ವಿಷಯಗಳನ್ನು ಕೇಳಬಹುದು. ಅಂಥವರು ಸಮುದಾಯ ಪೋಷಣೆಯ ಕಡೆ ನೋಡುವುದು ಒಳ್ಳೆಯದು. ಬಯೋಕೆಮಿಸ್ಟ್ರಿ, ಲೈಫ್ ಸೈನ್ಸ್, ನರ್ಸಿಂಗ್ ಪದವಿ ಆಗಲೇ ಮುಗಿಸಿ ಇತ್ತ ಬರಬೇಕು ಎನ್ನುವವರಿಗೆ ಕೆಲವು ಎಂ.ಎಸ್ಸಿ.ಗಳು ಬಾಗಿಲು ತೆರೆದಿವೆ. ನರ್ಸಿಂಗ್‌ನಿಂದ ಬಂದವರು ವಾರ್ಡ್‌ನಲ್ಲಿ ಎಲ್ಲರಿಗಿಂತ ಬೇಗ ಪಳಗುತ್ತಾರೆ, ಅಡುಗೆ ಲ್ಯಾಬ್‌ನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕಳೆದರೆ ಸಾಕು. ಅರ್ಜಿ ಹಾಕುವ ಮುಂಚೆ ರಾಜ್ಯ ಪರಿಷತ್ತಿಗೆ ಒಂದು ಪತ್ರ ಬರೆದು, ಈ ಬಿ.ಎಸ್ಸಿ., ಈ ಎಂ.ಎಸ್ಸಿ. ಸೇರಿದರೆ ಡಯಟೀಷಿಯನ್ ಆಗಿ ನೋಂದಣಿಗೆ ನಡೆಯುತ್ತದಾ ಎಂದು ಕೇಳಿ, ಉತ್ತರವನ್ನು ಫೈಲಿನಲ್ಲಿ ಇಟ್ಟುಕೊಳ್ಳಿ.